ಕವಿಶಿಷ್ಯ ಪಂಜೆ ಮಂಗೇಶರಾಯರು

ಹರಿದಾಸರು ತಮ್ಮ ಹೆಸರನ್ನು ಬದಿಗಿರಿಸಿ ವಿಠಲನ ಅಂಕಿತದಲ್ಲಿ ಹಾಡಿದುದನ್ನು ನಾವೆಲ್ಲ ಬಲ್ಲೆವು. ಕನ್ಯಾನವನ್ನೊಳಗೊಂಡ ನಮ್ಮ ಬಂಟ್ವಾಳ ಸೀಮೆಯ ಪಂಜೆ ಮಂಗೇಶರಾಯರು ತಮ್ಮ ಹೆಸರನ್ನು ಮರೆಮಾಡಿ ‘ಕವಿಶಿಷ್ಯ’ರೆನಿಸಿಕೊಂಡರು.

1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಅವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಅವರಲ್ಲಿ ಪಾಠ ಕೇಳಿದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಮುಂದೆ ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ಸುತ್ತಿದರು. ಇನ್‌ಸ್ಪೆಕ್ಟರರು ಬರುವರೆಂದರೆ ಮಕ್ಕಳಿಗಿಂತ ಉಪಾಧ್ಯಾಯರೇ ಹೆಚ್ಚು ನಡುಗುತ್ತಿದ್ದ ಕಾಲವದು. ಪಂಜೆಯವರಾದರೋ ಮಕ್ಕಳ ನಡುವೆ ನಿಂತು ಕತೆ ಹೇಳುವರು, ಅಭಿನಯಿಸುತ್ತ ಹಾಡುವರು. ಭಯವನ್ನು ಬಿಡಿಸದೆ ಅಕ್ಷರವನ್ನು ಕಲಿಸಲಾಗದೆಂಬುದನ್ನು ಅವರು ಉಪಾಧ್ಯಾಯರಿಗೆ ಆಜ್ಞೆಯಿಂದಲ್ಲ, ಹಾಡಿಯೇ ತಿಳಿಸಿದರೆಂದು ನಾವು ಭಾವಿಸುತ್ತೇವೆ. ಹಾವನ್ನು ಕಂಡರೆ ಓಡುವ ಮಕ್ಕಳಿಗೆ ನಾಗರಹಾವಿನ ಮೇಲೆಯೇ ಪದ್ಯ ಕಟ್ಟಿಕೊಟ್ಟವರಲ್ಲವೆ ಅವರು!

ಮಕ್ಕಳ ಕೈಗೆ ಕೊಡತಕ್ಕ ಕನ್ನಡ ಪುಸ್ತಕಗಳು ವಿರಳವಾಗಿದ್ದುದರಿಂದ 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಆ ನಾಡನ್ನೂ ತಮ್ಮದೆಂದೇ ಬಗೆದರು. ಅವರ ‘ಹುತ್ತರಿ ಹಾಡು’ ಕೊಡಗಿನ ಮನೆಮನೆಯ ಸೊತ್ತಾಯಿತು.

ಹೆಸರಿನ ಹಂಬಲವಿಲ್ಲದವರ ಬರಹಕ್ಕೆ ಒದಗುವ ಕಷ್ಟ ಇವರ ಬರಹಕ್ಕೂ ತಪ್ಪಲಿಲ್ಲ. ಪತ್ರಿಕೆಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಅದು ಚದರಿಹೋಯಿತು. ನಾಡು ಮಾತ್ರ ಗುರುತಿಸದೆ ಬಿಡಲಿಲ್ಲ. 1934ರ ರಾಯಚೂರು ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಬರಮಾಡಿಕೊಂಡಿತು. 1937ರಲ್ಲಿ ಹೈದರಾಬಾದಿನಲ್ಲಿ ಪಂಜೆಯವರು ತೀರಿಕೊಂಡರು. ಅವರ ಕೃತಿಗಳು ಸಂಪುಟಗಳಾಗಿ ಒಂದುಗೂಡಲು ದಶಕಗಳೇ ಹಿಡಿದವು. ಅಷ್ಟರಲ್ಲಿ ಅವರಿಂದ ಹಾಡು ಕಲಿತ ಮಕ್ಕಳು ಅಜ್ಜ ಅಜ್ಜಿಯರಾಗಿದ್ದರು.