ಮುಟ್ಟದೆ ಮೊಳಗಿದ ಗಂಟೆ

ತಾವರಗೇರಾದ ನಮ್ಮ ಮನೆಯ ಪಡಸಾಲೆಗೆ ಕಳೆದ ಬೇಸಿಗೆಯಲ್ಲಿ ಹೊಸ ಆಳೊಂದು ಬಂದು ಸೇರಿತು. ಎಂಬತ್ತೈದು ದಾಟಿದ ನಮ್ಮ ಅವ್ವನಿಗೆ ಕೀಲುಬೇನೆ. ಗೋಡೆಯ ಸ್ವಿಚ್ಚಿನವರೆಗೆ ಎದ್ದು ಹೋಗುವುದೆಂದರೆ ಆಕೆಗೆ ಒಂದು ಯಾತ್ರೆಯೇ ಸರಿ. ಕುಷ್ಟಗಿ ಸೀಮೆಯ ವೈಶಾಖವನ್ನು ಕಂಡವರಿಗೆ ಪಂಖವಿಲ್ಲದ ಮಧ್ಯಾಹ್ನ ಎಂತಹುದೆಂದು ಬೇರೆ ಹೇಳಬೇಕಾಗಿಲ್ಲ. ಅಜ್ಜಿಯ ಕಷ್ಟವನ್ನು ನೋಡಲಾರದೆ ನನ್ನ ಮಗನು ಬೆಂಗಳೂರಿನಿಂದ ಎರಡು ಸಾಧನಗಳನ್ನು ತಂದನು. ಒಂದು, ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಸ್ಮಾರ್ಟ್ ಪ್ಲಗ್. ಅಂಗೈಯೊಳಗೆ ಅಡಗುವಷ್ಟು ಸಣ್ಣದು. ಇನ್ನೊಂದು, ಮೇಜಿನ ಮೇಲೆ ಕುಳಿತು ನಮ್ಮ ಮಾತಿಗೆ ಕಿವಿಗೊಡುವ ಧ್ವನಿಸಹಾಯಕ. ಮೇಜಿನ ಪಂಖವನ್ನು ಪ್ಲಗ್ಗಿಗೆ ಜೋಡಿಸಿ ಅವನು ಒಂದು ಮಾತು ಹೇಳಿದನು; ಪ್ಲಗ್ಗಿನೊಳಗಿಂದ ಟಿಕ್ಕೆಂದು ಸದ್ದಾಯಿತು, ಪಂಖ ತಿರುಗತೊಡಗಿತು. ಅವ್ವ ಕೈಮುಗಿದಳು.

ಆದರೆ ತೊಡಕು ಮರುದಿನವೇ ತಲೆದೋರಿತು. ಅವ್ವ ತನ್ನ ಅಚ್ಚಗನ್ನಡದಲ್ಲಿ ಅದನ್ನು ತಂಗಿಯೆಂದು ಕರೆದಳು, ಮಗಳೆಂದು ರಮಿಸಿದಳು, ಕೊನೆಗೆ ಗದರಿಸಿಯೂ ನೋಡಿದಳು. ಪಂಖ ಅಲುಗಲಿಲ್ಲ. ಕೆಲವು ಫೋನುಗಳು ಈಗ ಕನ್ನಡವನ್ನು ಅಷ್ಟಿಷ್ಟು ಗ್ರಹಿಸುತ್ತವೆ. ನಮ್ಮ ಮೇಜಿನ ಮೇಲಿನದಕ್ಕೆ ಆ ಭಾಗ್ಯವಿರಲಿಲ್ಲ. ಮೊಮ್ಮಗನು ಅಜ್ಜಿಯನ್ನು ಕೂರಿಸಿಕೊಂಡು ನಾಲ್ಕು ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಿಸಿದನು. ಅವಳ ತಂದೆ ನಿಜಾಮರ ಕಾಲದವರು. 1948ರವರೆಗೆ ಈ ಸೀಮೆಯ ಸರ್ಕಾರಿ ವಿದ್ಯಾಭ್ಯಾಸದಲ್ಲಿ ಉರ್ದುವಿಗೇ ಅಗ್ರಸ್ಥಾನವಾದ್ದರಿಂದ, ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಉರ್ದು ಬರೆದವರು. ಈಗ ಅವರ ಮಗಳು ಮುಪ್ಪಿನಲ್ಲಿ ಗಾಳಿಗಾಗಿ ಇನ್ನೊಂದು ಪರಭಾಷೆಯನ್ನು ಕಲಿಯುವುದನ್ನು ಕಂಡು ನನಗೆ ನಗೆಯೂ ಬಂತು, ನೋವೂ ಆಯಿತು. ಆಗ ನೆನಪಾದವರು, ನೂರಮೂವತ್ತು ವರ್ಷಗಳ ಹಿಂದೆ ಮುಟ್ಟದೆ, ತಂತಿಯಿಲ್ಲದೆ, ಗೋಡೆಯಾಚೆಯ ಗಂಟೆಯನ್ನು ಮೊಳಗಿಸಿದ ಆಚಾರ್ಯ ಜಗದೀಶಚಂದ್ರ ಬೋಸರು. ಅವರ ಜೀವನಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆನಾದರೂ ಅದರ ಪೂರ್ಣ ಅರ್ಥ ನನಗಾದದ್ದು ಆ ಪಡಸಾಲೆಯಲ್ಲಿಯೇ.

ಜಗದೀಶಚಂದ್ರರು ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಮೈಮನಸಿಂಗದಲ್ಲಿ. ತಂದೆ ಭಗವಾನಚಂದ್ರರು ಸರ್ಕಾರದ ಡೆಪ್ಯುಟಿ ಮ್ಯಾಜಿಸ್ಟ್ರೇಟರು, ಬ್ರಾಹ್ಮಸಮಾಜದವರು. ಅಂತಹ ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದು ಅಂದಿನ ರೂಢಿ. ಭಗವಾನಚಂದ್ರರು ಮಗನನ್ನು ಬಂಗಾಳಿ ಪಾಠಶಾಲೆಗೆ ಕಳುಹಿಸಿದರು. ಪರಭಾಷೆಗಿಂತ ಮೊದಲು ತಾಯ್ನುಡಿಯನ್ನೂ ತನ್ನ ಜನರನ್ನೂ ಅರಿಯಬೇಕೆಂಬುದು ಅವರ ನಂಬಿಕೆ. ಅಲ್ಲಿ ಬಾಲಕನ ಒಂದು ಪಕ್ಕದಲ್ಲಿ ತಂದೆಯ ಮುಸಲ್ಮಾನ ಜವಾನನ ಮಗ, ಇನ್ನೊಂದು ಪಕ್ಕದಲ್ಲಿ ಬೆಸ್ತರ ಹುಡುಗ. ಹಕ್ಕಿ, ಮೀನು, ಜಲಚರಗಳ ಕಥೆಗಳನ್ನು ಅವನು ಕೇಳಿದ್ದು ಈ ಗೆಳೆಯರಿಂದ. ಶಾಲೆಗೆ ಹೆಗಲ ಮೇಲೆ ಹೊತ್ತೊಯ್ಯುತ್ತಿದ್ದವನು ಹಿಂದೊಮ್ಮೆ ದರೋಡೆಕೋರನಾಗಿದ್ದವನು. ತಂದೆಯೇ ಅವನಿಗೆ ಸೆರೆಮನೆಯ ಶಿಕ್ಷೆ ವಿಧಿಸಿ, ಬಿಡುಗಡೆಯಾದ ಮೇಲೆ ಬೇರೆ ದಿಕ್ಕಿಲ್ಲದೆ ಬಂದಾಗ ಮನೆಗೆಲಸಕ್ಕೆ ಇಟ್ಟುಕೊಂಡಿದ್ದರು.

ಮುಂದೆ ಕಲಕತ್ತೆಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಫಾದರ್ ಲಾಫೋಂ ಎಂಬ ಗುರುಗಳು ಪ್ರಯೋಗಗಳನ್ನು ತೋರಿಸಿ ಭೌತವಿಜ್ಞಾನದ ರುಚಿ ಹತ್ತಿಸಿದರು. 1880ರಲ್ಲಿ ವೈದ್ಯಶಾಸ್ತ್ರ ಕಲಿಯಲೆಂದು ತರುಣನು ಇಂಗ್ಲೆಂಡಿಗೆ ಹೊರಟನು. ಜ್ವರಬಾಧೆಯಿಂದ ಲಂಡನ್ನಿನ ವೈದ್ಯ ವಿದ್ಯಾಭ್ಯಾಸ ನಿಂತುಹೋಗಲು ಕೇಂಬ್ರಿಜ್ಜಿನ ಕ್ರೈಸ್ಟ್ ಕಾಲೇಜನ್ನು ಸೇರಿ, ಲಾರ್ಡ್ ರೇಲೀಯವರಂತಹ ಗುರುಗಳ ಬಳಿ ವಿಜ್ಞಾನವನ್ನು ಅಭ್ಯಸಿಸಿದರು.

1885ರಲ್ಲಿ ಸ್ವದೇಶಕ್ಕೆ ಮರಳಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದಾಗ ಎದುರಾದದ್ದು ಅವಮಾನ. ಭಾರತೀಯರಿಗೆ ಐರೋಪ್ಯರ ಸಂಬಳದ ಮೂರನೆಯ ಎರಡು ಭಾಗ ಮಾತ್ರ. ಹುದ್ದೆ ತಾತ್ಕಾಲಿಕವೆಂಬ ನೆಪದಿಂದ ಅದರಲ್ಲಿಯೂ ಅರ್ಧ. ಬೋಸರು ಜಗಳಕ್ಕೆ ನಿಲ್ಲಲಿಲ್ಲ, ರಾಜೀನಾಮೆಯನ್ನೂ ಎಸೆಯಲಿಲ್ಲ. ಒಂದು ಪಾಠವನ್ನೂ ತಪ್ಪಿಸದೆ ಮೂರು ವರ್ಷ ದುಡಿದರು; ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ತಂದೆಯ ಉದ್ಯಮಗಳು ಮುಳುಗಿ ಮನೆತನ ಸಾಲದಲ್ಲಿದ್ದ ಕಾಲವದು. 1887ರಲ್ಲಿ ಕೈಹಿಡಿದ ಅಬಲಾದೇವಿಯವರೂ ಈ ತಪಸ್ಸಿನಲ್ಲಿ ಪಾಲುಗೊಂಡರು. ದಂಪತಿಗಳು ಚಂದ್ರನಗರದಲ್ಲಿ ಅಗ್ಗದ ಮನೆ ಹಿಡಿದರು. ಹೂಗ್ಲಿಯನ್ನು ಪತಿ ತಾವೇ ಹುಟ್ಟುಹಾಕಿ ದಾಟಿದರೆ, ದೋಣಿಯನ್ನು ಮರಳಿ ತರುವವರು ಪತ್ನಿ. ಕೊನೆಗೆ ಸರ್ಕಾರ ಮಣಿದು, ಹಿಂದಿನ ಬಾಕಿಯೂ ಸೇರಿ ಪೂರ್ಣ ಸಂಬಳವನ್ನು ಕೊಟ್ಟಿತು. ಆ ಹಣ ತಂದೆಯ ಸಾಲಕ್ಕೆ ಸಂದಿತು. ಅಧ್ಯಾಪಕವೃತ್ತಿಯಲ್ಲಿ ಕೂದಲು ನರೆಸಿಕೊಂಡ ನನಗೆ ಅವರ ಎಲ್ಲ ಸಂಶೋಧನೆಗಳಿಗಿಂತ ಈ ಮೂರು ವರ್ಷಗಳೇ ಹಿರಿದಾಗಿ ತೋರುತ್ತವೆ.

1894ರಲ್ಲಿ, ಮೂವತ್ತಾರು ತುಂಬಿದ ದಿನ, ಅವರು ಸಂಶೋಧನೆಗೆ ಬದುಕನ್ನು ಮುಡಿಪಿಡಲು ನಿಶ್ಚಯಿಸಿದರು. ವಿದ್ಯುತ್ತಿನ ಅಲೆಗಳು ಬೆಳಕಿನಂತೆಯೇ ಚಲಿಸುತ್ತವೆಯೆಂದು ಮ್ಯಾಕ್ಸ್‌ವೆಲ್ ಗಣಿತದಿಂದ ಊಹಿಸಿದ್ದರು. ಜರ್ಮನಿಯ ಹರ್ಟ್ಸ್ ಅಂತಹ ಅಲೆಗಳನ್ನು ಪ್ರಯೋಗದಿಂದ ತೋರಿಸಿದ್ದರು. ಆದರೆ ಹರ್ಟ್ಸರ ಅಲೆಗಳು ಬಹು ಉದ್ದವಾಗಿದ್ದುದರಿಂದ ಸಣ್ಣ ಕೋಣೆಯಲ್ಲಿ ಅವುಗಳ ಗುಣವನ್ನು ಪರೀಕ್ಷಿಸುವುದು ದುಸ್ತರ. ಬೋಸರು 5 ಮಿಲಿಮೀಟರಿನಷ್ಟು ಗಿಡ್ಡ ಅಲೆಗಳನ್ನು ಹುಟ್ಟಿಸಿದರು. ಅವರ ಪ್ರಯೋಗಶಾಲೆ ಸ್ನಾನಗೃಹಕ್ಕೆ ಹೊಂದಿದ ಒಂದು ಇಕ್ಕಟ್ಟಾದ ಕೋಣೆ, ಸಹಾಯಕನು ಓದುಬರಹವಿಲ್ಲದ ತಗಡುಗೆಲಸದವನು, ಖರ್ಚು ಸ್ವಂತದ್ದು. ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕದ ಹಾಳೆಗಳ ನಡುವೆ ತವರದ ತೆಳುಹಾಳೆಗಳನ್ನಿಟ್ಟು, ಆ ಅಲೆಗಳನ್ನು ಶೋಧಿಸುವ ಜರಡಿಯನ್ನಾಗಿ ಮಾಡಿಕೊಂಡರು. ಬಂಗಾಳದ ಸೆಣಬಿನ ನಾರನ್ನು ಹುರಿಹೊಸೆದು, ಅಲೆಗಳ ಕಂಪನದ ದಿಕ್ಕು ಅದರಿಂದ ತಿರುಗುವುದನ್ನು ತೋರಿಸಿದರು. ವಿದೇಶದ ದುಬಾರಿ ಉಪಕರಣವಿಲ್ಲವೆಂದು ಪ್ರಯೋಗದ ತರಗತಿಗಳನ್ನು ಮುಂದೂಡುವ ನಮ್ಮಂತಹವರು ಈ ಸಂಗತಿಯನ್ನು ಮರೆಯಬಾರದು.

1895ರಲ್ಲಿ ಕಲಕತ್ತೆಯ ಟೌನ್ ಹಾಲಿನಲ್ಲಿ ಸಾರ್ವಜನಿಕ ಪ್ರದರ್ಶನ ನಡೆಯಿತು. ಅಲೆಗಳು ಅಧ್ಯಕ್ಷರಾಗಿದ್ದ ಲೆಫ್ಟಿನೆಂಟ್ ಗವರ್ನರರ ಸ್ಥೂಲಕಾಯವನ್ನು ಹಾಯ್ದು, ಗೋಡೆಗಳನ್ನು ದಾಟಿ, ಸುಮಾರು 75 ಅಡಿ ಆಚೆಯ ಕೋಣೆಯಲ್ಲಿ ಗಂಟೆ ಬಾರಿಸಿದವು, ಪಿಸ್ತೂಲು ಹಾರಿಸಿದವು, ಮದ್ದನ್ನು ಸಿಡಿಸಿದವು. ಇಲ್ಲೊಂದು ಸೂಕ್ಷ್ಮವಿದೆ. ಗಂಟೆಯನ್ನು ಬಾರಿಸುವ ಬಲ ಅಲೆಯಲ್ಲಿರಲಿಲ್ಲ. ಅದು ಶೋಧಕವೊಂದನ್ನು ತಾಕಿ ವಿದ್ಯುನ್ಮಂಡಲವನ್ನು ಕೂಡಿಸಿತು, ಅಷ್ಟೇ. ಬಾರಿಸಿದ್ದು ಅಲ್ಲಿಯೇ ಇದ್ದ ಬ್ಯಾಟರಿ. ಅಲೆಯದು ಅಪ್ಪಣೆ, ದುಡಿಮೆ ಬ್ಯಾಟರಿಯದು. ನಮ್ಮ ಪಡಸಾಲೆಯ ಪ್ಲಗ್ಗಿನ ರಹಸ್ಯವೂ ಇದೇ. ಸುಮಾರು 12 ಸೆಂಟಿಮೀಟರಿನ ಅಲೆಯೊಂದು ಆಜ್ಞೆ ತರುತ್ತದೆ. ಒಳಗಿನ ರಿಲೇ ಟಿಕ್ಕೆಂದು ಮಂಡಲವನ್ನು ಕೂಡಿಸುತ್ತದೆ. ಪಂಖವನ್ನು ತಿರುಗಿಸುವುದು ಮನೆಯ ವಿದ್ಯುತ್ತು. ಬೋಸರು ತಮ್ಮ ಅಲೆಗಳನ್ನು ಬಂಗಾಳಿಯಲ್ಲಿ ಅದೃಶ್ಯ ಆಲೋಕವೆಂದು ಕರೆದರು. ದೂರದರ್ಶನದ ರಿಮೋಟಿನಿಂದ ಹೊರಡುವ ಅವಕೆಂಪು ಕಿರಣವೂ ಕಣ್ಣಿಗೆ ಕಾಣದ ಬೆಳಕೇ. ಆದರೆ ಅದು ಗೋಡೆಯನ್ನು ದಾಟಲಾರದು.

1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಬೋಸರು ಉಪನ್ಯಾಸವಿತ್ತರು. ಉಪಕರಣಗಳ ರಚನೆಯನ್ನು ಅವರು ಯಾರಿಂದಲೂ ಬಚ್ಚಿಡಲಿಲ್ಲ. 1901ರಲ್ಲಿ ತಂತಿ ಉದ್ಯಮದ ಧನಿಕನೊಬ್ಬನು ಪೇಟೆಂಟಿನ ಕಾಗದವನ್ನು ಕೈಯಲ್ಲಿ ಹಿಡಿದು ಬಂದು, ಲಾಭದಲ್ಲಿ ಪಾಲು ಕೊಡುವೆನೆಂದು ಅಂಗಲಾಚಿದನು. ಬೋಸರು ಒಪ್ಪಲಿಲ್ಲ, ಹಣದ ಆ ಹಸಿವನ್ನು ಕಂಡು ತಮಗಾದ ಜುಗುಪ್ಸೆಯನ್ನು ಗೆಳೆಯ ರವೀಂದ್ರನಾಥ ಠಾಕೂರರಿಗೆ ಬರೆದು ತಿಳಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಮಾರ್ಕೋನಿಯವರು ಅಟ್ಲಾಂಟಿಕ್ ಸಾಗರದಾಚೆಯಿಂದ ಸಂಕೇತವನ್ನು ಪಡೆದು ಲೋಕವಿಖ್ಯಾತರಾದರು. ಅಂದು ಅವರು ಬಳಸಿದ ಪಾದರಸದ ಶೋಧಕದ ಮೂಲ ಬೋಸರು 1899ರಲ್ಲಿ ಪ್ರಕಟಿಸಿದ್ದ ಪ್ರಬಂಧದಲ್ಲಿದೆಯೆಂದು ಪ್ರಬೀರ್ ಬಂದ್ಯೋಪಾಧ್ಯಾಯರು 1998ರಲ್ಲಿ ಆಧಾರಸಹಿತವಾಗಿ ವಾದಿಸಿದರು. ಸ್ನೇಹಿತರ ಒತ್ತಾಯದಿಂದ 1904ರಲ್ಲಿ ಬೋಸರ ಹೆಸರಿಗೆ ಅಮೆರಿಕದ ಪೇಟೆಂಟೊಂದು ದೊರೆಯಿತು. ಅದರಿಂದ ಅವರು ಹಣ ಮಾಡಲು ಹೋಗಲಿಲ್ಲ. ಅವಧಿ ಮುಗಿಯಲು ಬಿಟ್ಟರು.

ಆಮೇಲಿನ ಬದುಕು ಸಸ್ಯಗಳಿಗೆ ಮೀಸಲಾಯಿತು. ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫನ್ನು ರಚಿಸಿದರು. ಪ್ರಶಂಸೆಯೊಡನೆ ಕಟುವಿರೋಧವನ್ನೂ ಉಂಡರು. ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳು ಹರಿಯುತ್ತವೆಂಬ ಅವರ ಮಾತು ಇಂದು ಸ್ಥಿರಪಟ್ಟಿದೆ. ಗಿಡಗಳ ಭಾವನೆಗಳನ್ನು ಕುರಿತ ತೀರ್ಮಾನಗಳನ್ನು ಎಲ್ಲರೂ ಒಪ್ಪಿಲ್ಲ. 1917ರ ನವೆಂಬರ್ 30ರಂದು ಕಲಕತ್ತೆಯಲ್ಲಿ ತಮ್ಮ ವಿಜ್ಞಾನಮಂದಿರವನ್ನು ತೆರೆದು, ಅಲ್ಲಿಯ ಶೋಧಗಳಿಗೆ ಪೇಟೆಂಟು ಪಡೆಯುವುದಿಲ್ಲ, ಅವು ಎಲ್ಲರ ಸ್ವತ್ತು ಎಂದು ಸಾರಿದರು. 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತು. 1937ರ ನವೆಂಬರ್ 23ರಂದು ಗಿರಿಡೀಹದಲ್ಲಿ ದೇಹವಿಟ್ಟರು.

ಸಾಹಿತ್ಯಪ್ರಿಯರಾದ ವಾಚಕರಿಗೆ ಇನ್ನೊಂದು ಸಂಗತಿ ರುಚಿಸೀತು. ಈ ವಿಜ್ಞಾನಿ ಬಂಗೀಯ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರೂ ಆಗಿದ್ದರು. ಒಂದು ಸೀಸೆ ತಲೆಗೆಣ್ಣೆ ಚಂಡಮಾರುತವನ್ನು ಶಮನಗೊಳಿಸಿದ ವಿನೋದದ ಕಥೆಯನ್ನು 1896ರಲ್ಲಿಯೇ ಬರೆದರು. ಅವರ ಬಂಗಾಳಿ ಬರಹಗಳ ಸಂಕಲನ ‘ಅವ್ಯಕ್ತ’ 1921ರಲ್ಲಿ ಹೊರಬಂದಿತು. ಕಾಣದ ಬೆಳಕಿನ ವಿಷಯವನ್ನು ಲಂಡನ್ನಿನ ಪಂಡಿತರಿಗೆ ಇಂಗ್ಲಿಷಿನಲ್ಲಿ ತಿಳಿಸಿದವರು, ತಮ್ಮ ಜನರಿಗೆ ಅವರ ನುಡಿಯಲ್ಲಿಯೇ ತಿಳಿಸಿದರು. ಬೆಸ್ತರ ಹುಡುಗನ ಪಕ್ಕದಲ್ಲಿ ಕುಳಿತು ಕಲಿತ ಋಣವನ್ನು ತೀರಿಸಿದ ಬಗೆ ಇದೆಂದು ನಾನು ಭಾವಿಸಿದ್ದೇನೆ.

ನಮ್ಮ ಮನೆಯ ಆಳಿನ ವಿಷಯಕ್ಕೆ ಬರುತ್ತೇನೆ. ಅವ್ವ ಆಡಿದ ಮಾತು ಪಂಖಕ್ಕೆ ನೇರವಾಗಿ ಹೋಗುವುದಿಲ್ಲ. ಅಂತರ್ಜಾಲದ ಮೂಲಕ ದೂರದ ಗಣಕಕ್ಕೆ ಹೋಗಿ, ಅಲ್ಲಿ ಅರ್ಥವಾಗಿ, ಅಪ್ಪಣೆಯಾಗಿ ಮರಳುತ್ತದೆ. ಮೊನ್ನೆ ಮಳೆಗಾಳಿಗೆ ಅಂತರ್ಜಾಲ ಕಡಿಯಿತು. ವಿದ್ಯುತ್ತಿದೆ, ಪಂಖವಿದೆ, ಮಂಚದಿಂದ ಎರಡು ಮೊಳ ದೂರದಲ್ಲಿಯೇ ಇದೆ. ನಾಲ್ಕು ಇಂಗ್ಲಿಷ್ ಪದಗಳೂ ಅಂದು ವ್ಯರ್ಥವಾದವು. ನಾನೇ ಎದ್ದು ಪ್ಲಗ್ಗಿನ ಗುಂಡಿಯನ್ನೊತ್ತಿದೆ. ಸಾಧನವನ್ನು ನಾನು ದೂರುತ್ತಿಲ್ಲ. ಅವ್ವನ ಎಷ್ಟೋ ಮಧ್ಯಾಹ್ನಗಳನ್ನು ಅದು ತಂಪಾಗಿಸಿದೆ. ಆದರೆ ಕಾಸು ಕೊಟ್ಟು ಕೊಂಡ ವಸ್ತುವಿನ ಬುದ್ಧಿ ಬೇರೊಬ್ಬರ ವಶದಲ್ಲಿದ್ದು, ಅದರ ನುಡಿಯೂ ನಮ್ಮದಲ್ಲವಾದರೆ, ಆ ಮನೆಯ ಯಜಮಾನರು ನಾವೆಂದು ಹೇಗೆ ಹೇಳೋಣ? ಅದಕ್ಕೆ ಕನ್ನಡ ಕಲಿಸುವವರು ನಮ್ಮ ತರಗತಿಗಳಿಂದಲೇ ಎದ್ದು ಬರಬೇಕು. ಹಾಗೆ ಬರಬೇಕಾದರೆ ವಿಜ್ಞಾನವನ್ನು ಅವರಿಗೆ ಕನ್ನಡದಲ್ಲಿ ಹೇಳುವ ಅಧ್ಯಾಪಕರು ಬೇಕು.

ಆ ಸಂಜೆ ಅವ್ವನಿಗೆ ಬೋಸರ ಗಂಟೆಯ ಕಥೆಯನ್ನು ಹೇಳಿದೆ. ಆ ಗಂಟೆಗೂ ಇಂಗ್ಲಿಷಿನಲ್ಲಿಯೇ ಹೇಳಬೇಕಾಗಿತ್ತೇನೆಂದು ಕೇಳಿದಳು. ಅದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲವೆಂದೆ. ಹಾಗಾದರೆ ಆತ ಒಳ್ಳೆಯ ಮನುಷ್ಯನೇ ಇರಬೇಕೆಂದು ತೀರ್ಪಿತ್ತು, ಅವ್ವ ಪಂಖದ ಕಡೆಗೆ ಮಗ್ಗುಲಾದಳು.