ರಾಷ್ಟ್ರಪತಿ ವಿ. ವಿ. ಗಿರಿ: ಎರಡನೆಯ ಎಣಿಕೆಯ ಗೆಲುವು

ರಾಷ್ಟ್ರಪತಿ ಚುನಾವಣೆಯಲ್ಲಿ ನಮಗೆ ನೇರ ಮತವಿಲ್ಲ. ನಮ್ಮ ರಾಜೇಶ್ವರದ ಆಸುಪಾಸಿನ ಬಸವಕಲ್ಯಾಣ, ಹುಮನಾಬಾದ್ ಕ್ಷೇತ್ರಗಳ ಶಾಸಕರು ನಮ್ಮ ಪರವಾಗಿ ಮತ ನೀಡುತ್ತಾರೆ. 2022ರ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131 ಆಗಿತ್ತು. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನೆದುರು ಮೊದಲ ಪ್ರಾಶಸ್ತ್ಯ, ಎರಡನೆಯ ಪ್ರಾಶಸ್ತ್ಯ ಎಂದು ಅಂಕೆ ಬರೆಯುವ ಕ್ರಮವಿದೆ. ಈ ಎರಡನೆಯ ಅಂಕೆಯ ಬಲದಿಂದ ಗೆದ್ದ ರಾಷ್ಟ್ರಪತಿ ವರಾಹಗಿರಿ ವೆಂಕಟ ಗಿರಿಯವರು.

1894ರಲ್ಲಿ ಬರ್ಹಾಂಪುರದ ತೆಲುಗು ಮನೆತನದಲ್ಲಿ ಜನಿಸಿದ ಗಿರಿಯವರು ಕಾನೂನು ಕಲಿಯಲು ಡಬ್ಲಿನ್ ನಗರಕ್ಕೆ ತೆರಳಿದರು. ಕಥೋಲಿಕ ನಾಡಾದ ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟಗಾರರ ಒಡನಾಟದ ಕಾರಣ 1916ರಲ್ಲಿ ಆ ದೇಶವನ್ನು ಬಿಡಬೇಕಾಯಿತು. ಹಿಂದಿರುಗಿದ ಮೇಲೆ ರೈಲ್ವೆ ಕಾರ್ಮಿಕರ ಮುಂದಾಳಾದರು. ಬ್ಯಾಂಕ್ ನೌಕರರಿಗೆ ಸಂಬಂಧಿಸಿದ ನ್ಯಾಯಮಂಡಳಿಯ ತೀರ್ಪನ್ನು ಸರ್ಕಾರ ಮಾರ್ಪಡಿಸಿದಾಗ, 1954ರಲ್ಲಿ, ಕೇಂದ್ರದ ಕಾರ್ಮಿಕ ಮಂತ್ರಿ ಪದವಿಯನ್ನೇ ತ್ಯಜಿಸಿದರು. 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು ಬಳಿಕ ಉಪರಾಷ್ಟ್ರಪತಿಯಾದರು.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನರು ನಿಧನರಾದರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಮುಖಂಡರು ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿದರು. ಆಗಿನ ಪಕ್ಷಾಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ಹಂಗಾಮಿ ರಾಷ್ಟ್ರಪತಿಯಾಗಿದ್ದ ಗಿರಿಯವರು ಪಕ್ಷೇತರರಾಗಿ ನಿಲ್ಲಲು ನಿಶ್ಚಯಿಸಿದರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಸಹಿ ಮಾಡಿ ಮರುದಿನ ರಾಜೀನಾಮೆಯಿತ್ತರು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಆ ಪಟ್ಟಿಯಲ್ಲಿದ್ದವು.

ಸ್ವತಂತ್ರ ಪಕ್ಷ ಮತ್ತು ಜನಸಂಘದವರ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ನಿಜಲಿಂಗಪ್ಪನವರು ರೆಡ್ಡಿಯವರಿಗಾಗಿ ಕೋರಿದ್ದೇ ಪ್ರಧಾನಿಯವರಿಗೆ ಅಸ್ತ್ರವಾಯಿತು. ಮನಸ್ಸಾಕ್ಷಿಯಂತೆ ಮತ ನೀಡಬೇಕೆಂದು ಅವರು ತಮ್ಮ ಪಕ್ಷದವರಿಗೆ ಕರೆಯಿತ್ತರು. ಧರ್ಮಸಭೆಯ ಬೋಧನೆಯಲ್ಲಿ ಮನಸ್ಸಾಕ್ಷಿಗೆ ಬಹು ಎತ್ತರದ ಸ್ಥಾನವಿದೆ. ಪಕ್ಷದ ಒಳಜಗಳಕ್ಕೆ ಆ ಮಾತನ್ನು ಎಳೆದು ತಂದದ್ದು ನಮಗಂತೂ ಹಿತವೆನಿಸುವುದಿಲ್ಲ.

ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ. ಡಿ. ದೇಶಮುಖರಿಗೆ 1,12,769 ಮತಮೌಲ್ಯ ದೊರೆಯಿತು. ಗೆಲುವಿಗೆ 4,18,169 ಬೇಕಿತ್ತು. ಕೆಳಗಿನವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಆಯಿತು.

ಆಗಸ್ಟ್ 24ರಂದು ಗಿರಿಯವರ ಪ್ರಮಾಣವಚನ ನಡೆಯಿತು. ನವೆಂಬರಿನಲ್ಲಿ ಕಾಂಗ್ರೆಸ್ ಎರಡಾಗಿ ಒಡೆಯಿತು. ಚುನಾವಣೆಯನ್ನು ಪ್ರಶ್ನಿಸಿದ ಅರ್ಜಿಯ ವಿಚಾರಣೆಯಲ್ಲಿ ಗಿರಿಯವರು ಪದವಿಯಲ್ಲಿದ್ದುಕೊಂಡೇ ಸುಪ್ರೀಂ ಕೋರ್ಟಿಗೆ ಬಂದು ಸಾಕ್ಷ್ಯ ನುಡಿದರು. ಅರ್ಜಿ ವಜಾ ಆಯಿತು. ಪ್ರಧಾನಿಯವರ ಮಾತಿಗೆ ಸಹಿ ಹಾಕುವವರೆಂಬ ಟೀಕೆ ಮಾತ್ರ ಅವರನ್ನು ಬಿಡಲಿಲ್ಲ.

ಕಠಿಣ ಗಳಿಗೆ ಬಂದದ್ದು 1974ರ ಮೇ ತಿಂಗಳಲ್ಲಿ. ಮಂಗಳೂರಿನ ಕಥೋಲಿಕ ಮನೆಯಲ್ಲಿ ಹುಟ್ಟಿ, ಬೆಂಗಳೂರಿನ ಗುರುಮಠದಲ್ಲಿ ಕೆಲಕಾಲ ಓದಿದ್ದ ಜಾರ್ಜ್ ಫರ್ನಾಂಡಿಸರ ನೇತೃತ್ವದಲ್ಲಿ ರೈಲ್ವೆ ಕಾರ್ಮಿಕರು ದೇಶದಾದ್ಯಂತ ಮುಷ್ಕರ ಹೂಡಿದರು. ಸರ್ಕಾರ ಸಾವಿರಾರು ಮಂದಿಯನ್ನು ಸೆರೆಗೆ ತಳ್ಳಿ ಮುಷ್ಕರವನ್ನು ಮುರಿಯಿತು. ಹಿಂದೊಮ್ಮೆ ಅದೇ ಕಾರ್ಮಿಕರ ಮುಂದಾಳಾಗಿದ್ದವರು ಆಗ ರಾಷ್ಟ್ರಪತಿ ಭವನದಲ್ಲಿದ್ದರು. ನೌಕರರಿಗಾಗಿ 1954ರಲ್ಲಿ ಪದವಿ ಬಿಟ್ಟವರು ಈ ಸಲ ಬಿಡಲಿಲ್ಲ.

ಅದೇ ಆಗಸ್ಟಿನಲ್ಲಿ ಅವಧಿ ಮುಗಿಯಿತು. 1975ರಲ್ಲಿ ಭಾರತರತ್ನ ಬಂತು. 1980ರ ಜೂನ್ ತಿಂಗಳಲ್ಲಿ ಗಿರಿಯವರು ಮದರಾಸಿನಲ್ಲಿ ತೀರಿಕೊಂಡಾಗ ರಾಷ್ಟ್ರಪತಿಯಾಗಿದ್ದವರು ಅಂದು ಸೋತಿದ್ದ ಸಂಜೀವ ರೆಡ್ಡಿಯವರು. 1977ರಲ್ಲಿ ಅವಿರೋಧವಾಗಿ ಆಯ್ಕೆಯಾದ ಅವರು, ಹಂಗಾಮಿ ರಾಷ್ಟ್ರಪತಿಯಾಗಿದ್ದ ನಮ್ಮ ಬಿ. ಡಿ. ಜತ್ತಿಯವರಿಂದ ಅಧಿಕಾರ ವಹಿಸಿಕೊಂಡಿದ್ದರು.