ರೆಕಾರ್ಡ್ ಪ್ಲೇಯರ್ ಭಾರವಾಗಿದ್ದರೆ ಸೂಜಿ ಹಾರುವುದಿಲ್ಲವೇ? ಉತ್ತರ ಬರ್ಲಿನರ್ ಬದುಕಿನಲ್ಲಿದೆ

ಹಳೆಯ ರೆಕಾರ್ಡ್‌ಗಳ ಗೀಳು ಮತ್ತೆ ಶುರುವಾಗಿದೆ. ಜೊತೆಗೆ ಎರಡು ಮಾತುಗಳೂ ಫೋನಿಂದ ಫೋನಿಗೆ ಹೋಗುತ್ತಿವೆ. ಗ್ರಾಮಫೋನ್ ಕಂಡುಹಿಡಿದವರು ಥಾಮಸ್ ಎಡಿಸನ್ ಎಂಬುದು ಒಂದು. ಪ್ಲೇಯರ್ ಭಾರವಾಗಿದ್ದರೆ ಸಾಕು, ಎಲ್ಲಿಟ್ಟರೂ ಸೂಜಿ ಹಾರುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸತ್ಯ. ಎರಡನ್ನೂ ಬಿಡಿಸಿ ಹೇಳಲು ಎಮಿಲ್ ಬರ್ಲಿನರ್ ಎಂಬವರ ಕಥೆ ಸಾಕು.

ಬರ್ಲಿನರ್ ಹುಟ್ಟಿದ್ದು 1851ರ ಮೇ 20ರಂದು, ಜರ್ಮನಿಯ ಹ್ಯಾನೋವರ್‌ನ ಯಹೂದಿ ಕುಟುಂಬದಲ್ಲಿ. 1870ರಲ್ಲಿ ಅಮೆರಿಕಕ್ಕೆ ಹೋದರು. ವಾಷಿಂಗ್ಟನ್‌ನಲ್ಲಿ ಅಂಗಡಿ ಕೆಲಸ, ಆಮೇಲೆ ನ್ಯೂಯಾರ್ಕ್‌ನ ಪ್ರಯೋಗಾಲಯವೊಂದರಲ್ಲಿ ಬಾಟಲಿ ತೊಳೆಯುವ ಕೆಲಸ, ರಾತ್ರಿ ಕೂಪರ್ ಯೂನಿಯನ್‌ನಲ್ಲಿ ಓದು. 1877ರಲ್ಲಿ ಅವರು ಟೆಲಿಫೋನ್‌ಗೆ ರೂಪಿಸಿದ ಮೈಕ್ರೊಫೋನಿನ ಹಕ್ಕನ್ನು ಬೆಲ್ ಕಂಪನಿ ಕೊಂಡುಕೊಂಡಿತು.

ಅದೇ ವರ್ಷ ಎಡಿಸನ್ ಮಾಡಿದ್ದು ಫೋನೋಗ್ರಾಫ್. ಅದರಲ್ಲಿ ಉರುಳೆಯ ಮೇಲೆ ಸೂಜಿ ಮೇಲೆ-ಕೆಳಗೆ ಕುಣಿಯುತ್ತಿತ್ತು. ಬರ್ಲಿನರ್ ಸೂಜಿಯನ್ನು ಎಡ-ಬಲಕ್ಕೆ ಅಲುಗುವಂತೆ ಮಾಡಿ, 1887ರಲ್ಲಿ ಗ್ರಾಮಫೋನ್‌ಗೆ ಪೇಟೆಂಟ್ ಪಡೆದರು. ಮರುವರ್ಷ ಫಿಲಡೆಲ್ಫಿಯಾದಲ್ಲಿ ಚಪ್ಪಟೆ ತಟ್ಟೆಯನ್ನು ನುಡಿಸಿ ತೋರಿಸಿದರು. ಒಂದು ಅಚ್ಚಿನಿಂದ ಎಷ್ಟು ತಟ್ಟೆ ಬೇಕಾದರೂ ಒತ್ತಬಹುದಿತ್ತು. ನಾವು ಇವತ್ತು ರೆಕಾರ್ಡ್ ಎನ್ನುವುದು ಇದನ್ನೇ.

ಮೊದಲ ಯಂತ್ರಗಳನ್ನು ಕೈಯಲ್ಲಿ ತಿರುಗಿಸಬೇಕಿತ್ತು. ಕೈ ಸೋತರೆ ಶ್ರುತಿಯೂ ಇಳಿಯುತ್ತಿತ್ತು. 1896ರಲ್ಲಿ ಎಲ್ಡ್ರಿಜ್ ಜಾನ್ಸನ್ ಸ್ಪ್ರಿಂಗ್ ಮೋಟಾರ್ ಮಾಡಿಕೊಟ್ಟ ಮೇಲೆ ವೇಗ ಹಿಡಿತಕ್ಕೆ ಬಂತು. ತಿರುಗುವ ತಟ್ಟೆಗೆ ಭಾರ ಕೊಡುವುದೂ ಇದಕ್ಕೇ. ಭಾರದ ಬೀಸುವ ಕಲ್ಲು ಒಮ್ಮೆ ತಿರುಗತೊಡಗಿದರೆ ಒಂದೇ ಹದದಲ್ಲಿ ಸಾಗುವುದಿಲ್ಲವೇ, ಹಾಗೆ.

ಹೊರಗಿನ ಅದುರಿನ ಮಾತೇ ಬೇರೆ. ಕದಲಿಕೆ ಹಾಡಿನ ಗೆರೆಯದ್ದೋ ಕಾಲ ಸಪ್ಪಳದ್ದೋ ಎಂದು ಸೂಜಿಗೆ ತಿಳಿಯುವುದಿಲ್ಲ. ಯಂತ್ರ ಎಷ್ಟೇ ಭಾರವಿರಲಿ, ಕೆಳಗಿನ ನೆಲವೇ ಕುಣಿದರೆ ಅದೂ ಕುಣಿಯುತ್ತದೆ. ನಮ್ಮ ಮಂಗಳೂರಿನ ಬಿಕರ್ನಕಟ್ಟೆಯನ್ನೇ ತೆಗೆದುಕೊಳ್ಳಿ. ಹಳೆಯ ಹೆಂಚಿನ ಮನೆಯ ಮರದ ಉಪ್ಪರಿಗೆಯಲ್ಲಿ ಯಾರಾದರೂ ನಡೆದರೆ ಹಲಗೆ ಬಾಗುತ್ತದೆ, ಕೆಂಪುಕಲ್ಲಿನ ದಪ್ಪ ಗೋಡೆ ಬಾಗುವುದಿಲ್ಲ. ಹಾಗಾಗಿ ಗೋಡೆಯ ಶೆಲ್ಫ್ ಒಳ್ಳೆಯ ಉಪಾಯ. ಹೆದ್ದಾರಿಯ ಲಾರಿಗಳ ಅದುರು ಮಾತ್ರ ಅಡಿಪಾಯದಿಂದ ಗೋಡೆಗೂ ಹತ್ತುತ್ತದೆ, ಅದನ್ನು ಶೆಲ್ಫ್ ತಡೆಯದು.

ಕೆಂಪುಕಲ್ಲು ದಪ್ಪವಿದ್ದರೂ ತೂತು ತೂತು, ಕೊರೆದರೆ ಬೇಗ ಪುಡಿಯಾಗುತ್ತದೆ. 15 ಕೆ.ಜಿ. ತೂಕಕ್ಕೆ ಗಾರೆಯಲ್ಲಷ್ಟೇ ಕಚ್ಚಿಕೊಂಡ ಪ್ಲಾಸ್ಟಿಕ್ ಪ್ಲಗ್ ಸಾಲದು. ಭಾರವು ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆಯುತ್ತದೆ. ಗೋಡೆಗೆ ತಾಗುವ ಕಾಲು ಉದ್ದವಿರುವ ಕಬ್ಬಿಣದ ಬ್ರಾಕೆಟ್, ಕಲ್ಲಿನೊಳಗೆ ಆಳಕ್ಕೆ ಹೋಗುವ ಬೋಲ್ಟ್ ಬೇಕು. ಬೋಲ್ಟನ್ನು ರೆಸಿನ್ ತುಂಬಿ ಕೂರಿಸಿದರೆ ಇನ್ನೂ ಒಳ್ಳೆಯದು. ಅದೇ ಶೆಲ್ಫಿನಲ್ಲಿ ಸ್ಪೀಕರ್ ಇಡಬೇಡಿ, ಅದರ ಅದುರು ಸೂಜಿಗೆ ಮರಳಿ ಊಳಿಡುತ್ತದೆ. ಕೆಳಗೆ ಮಕ್ಕಳ ಮಂಚವಂತೂ ಬೇಡವೇ ಬೇಡ.

ಬರ್ಲಿನರ್ ಕಥೆಗೆ ಮರಳೋಣ. 1898ರಲ್ಲಿ ಹ್ಯಾನೋವರ್‌ನಲ್ಲಿ ಅಣ್ಣತಮ್ಮಂದಿರ ರೆಕಾರ್ಡ್ ಕಾರ್ಖಾನೆ ಶುರುವಾಯಿತು. ಅವರ ಬಳಿ ಹಿಂದೆ ಸಹಾಯಕರಾಗಿದ್ದ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕೋಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಹಾಡನ್ನು ಮುದ್ರಿಸಿದರು. ಆ ತಟ್ಟೆಗಳು ಹ್ಯಾನೋವರ್‌ನಲ್ಲೇ ಅಚ್ಚಾಗಿ ಹಡಗಿನಲ್ಲಿ ಇಲ್ಲಿಗೆ ಬಂದವು. ಆ ಕಾಲದ ರೆಕಾರ್ಡ್‌ಗಳಿಗೆ ಬೇಕಾದ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದೂ ನಮ್ಮ ದೇಶದಿಂದಲೇ! ಅತ್ತ ಅಮೆರಿಕದಲ್ಲಿ 1900ರಲ್ಲಿ ಕೋರ್ಟು ತಡೆ ಹಾಕಿದ್ದರಿಂದ, ತಾವೇ ಕಂಡುಹಿಡಿದದ್ದನ್ನು ಮಾರಲಾಗದೆ ಬರ್ಲಿನರ್ ವ್ಯಾಪಾರವನ್ನು ಕೆನಡಾದ ಮಾಂಟ್ರಿಯಲ್‌ಗೆ ಒಯ್ದರು.

ಅದೇ ಹೊತ್ತಿಗೆ ಎಳೆಯ ಮಗಳು ಹೊಟ್ಟೆಯ ಕಾಯಿಲೆಯಿಂದ ನರಳಿದಳು. ಬರ್ಲಿನರ್ ಗಮನ ಹಾಲಿನತ್ತ ಹೊರಳಿತು. ಹಾಲನ್ನು ಬಿಸಿಮಾಡಿ ರೋಗಾಣು ಕೊಂದೇ ಮಕ್ಕಳಿಗೆ ಕೊಡಬೇಕೆಂದು ವರ್ಷಗಟ್ಟಲೆ ಪ್ರಚಾರ ಮಾಡಿದರು. ಹಸಿ ಹಾಲೇ ಅಮೃತ ಎಂದು ಫಾರ್ವರ್ಡ್ ಮಾಡುವವರು ಗಮನಿಸಬೇಕು. ನಮಗೆ ಗ್ರಾಮಫೋನ್‌ಗಿಂತ ಈ ಕೆಲಸವೇ ದೊಡ್ಡದಾಗಿ ಕಾಣುತ್ತದೆ.

ಕೊನೆಗಾಲದಲ್ಲಿ ಅವರು ಕೈಹಾಕಿದ್ದು ಸಭಾಂಗಣಗಳ ಗೋಡೆಗೆ. ದನಿ ಸ್ಪಷ್ಟವಾಗಿ ಕೇಳಲೆಂದು ಗೋಡೆಗೆ ಹಚ್ಚುವ ವಿಶೇಷ ಟೈಲುಗಳನ್ನು ರೂಪಿಸಿದರು. 1929ರ ಆಗಸ್ಟ್ 3ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡಾಗ ಅವರಿಗೆ 78 ವರ್ಷ. ಹಳೆಯ ರೆಕಾರ್ಡ್ ನಿಮಿಷಕ್ಕೆ ತಿರುಗುವ ಸುತ್ತುಗಳೂ 78, ಅದು ಬರೀ ಕಾಕತಾಳೀಯ. ಮೈಸೂರು ಅರಮನೆಯ ಆಶ್ರಯಕ್ಕೆ ಬಂದಿದ್ದ ಗೌಹರ್ ಜಾನ್ 1930ರ ಜನವರಿ 17ರಂದು ಮೈಸೂರಿನಲ್ಲಿ ಕಣ್ಣುಮುಚ್ಚಿದರು.